ದೂರ ಒಂದೇ, ಹೊತ್ತು ಬೇರೆ

ಲಾಸ್ ಏಂಜಲೀಸ್‌ನಿಂದ ಟೋಕಿಯೋಗೆ ಸುಮಾರು 8,800 ಕಿಲೋಮೀಟರ್, ಗಂಟೆಗೆ 900ರಂತೆ ಹತ್ತು ಗಂಟೆಯೊಳಗೆ ಇಳಿದು, ಮೂರು ಗಂಟೆ ಬಿಟ್ಟು ಬೇರೆ ಟಿಕೆಟ್‌ನಲ್ಲಿ ಮುಂದಿನ ವಿಮಾನ ಹಿಡಿಯಬಹುದೇ ಎಂದು ಕೇಳಿದ್ದೀರಿ. ಒಂದು ಜನವರಿಯಲ್ಲಿ ಇದೇ ಭಾಗಾಕಾರವನ್ನು ನಾನೂ ಮಾಡಿದ್ದೆ.

ಸಿಂಗಪುರದಲ್ಲಿ ಅಕ್ಕನ ಮನೆಯಲ್ಲಿದ್ದ ಅಪ್ಪನಿಗೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಒಳಗೆ ಕರೆದೊಯ್ಯುವ ಮೊದಲು ಅವರ ಮುಂದೆ ನಿಲ್ಲಬೇಕು ಎಂಬುದೊಂದೇ ನನ್ನ ಹಟ. ಕಚೇರಿಯವರು ಕಾದಿರಿಸಿದ ವಿಮಾನ ಭಾನುವಾರ ಮಧ್ಯಾಹ್ನ 12ಕ್ಕೆ ಲಾಸ್ ಏಂಜಲೀಸ್ ಬಿಡುತ್ತದೆ ಎಂದಷ್ಟೇ ಗೊತ್ತಿತ್ತು, ಟಿಕೆಟ್ ಇನ್ನೂ ಕೈಗೆ ಬಂದಿರಲಿಲ್ಲ. ಕಾಯುವ ತಾಳ್ಮೆ ಇಲ್ಲದೆ ಮುಂದಿನ ಟಿಕೆಟ್ ನಾನೇ ಕೊಂಡೆ.

ದಾಟಿದರೆ ದಿನವೇ ಬದಲಾಗುವ ದಿನಾಂಕ ರೇಖೆಯನ್ನು ನಾನು ಮರೆತಿರಲಿಲ್ಲ. ಚಳಿಗಾಲದಲ್ಲಿ ಎರಡು ಊರುಗಳಿಗೆ 17 ಗಂಟೆ ಅಂತರ. ಲಾಸ್ ಏಂಜಲೀಸ್‌ನಲ್ಲಿ ಭಾನುವಾರ ಮಧ್ಯಾಹ್ನ 12 ಆದಾಗ ಟೋಕಿಯೋದಲ್ಲಿ ಸೋಮವಾರ ನಸುಕಿನ 5. ಹತ್ತು ಗಂಟೆ ಕೂಡಿಸಿದರೆ ಮಧ್ಯಾಹ್ನ 3. ಸಿಂಗಪುರದ ವಿಮಾನ ಸಂಜೆ 6.10ಕ್ಕೆ. ತಪ್ಪಿದ್ದು ಆ ಹತ್ತರಲ್ಲಿ. ಟೋಕಿಯೋದಿಂದ ಹೋಗುವಾಗ ಹತ್ತು ಗಂಟೆಯೂ ಹಿಡಿದಿರಲಿಲ್ಲ, ಬರುವಾಗಲೂ ಅಷ್ಟೇ ಎಂದುಕೊಂಡೆ. ದೂರ ಒಂದೇ ಅಲ್ಲವೇ!

ನೆಲದ ಮೇಲೆ ದೂರ ಒಂದೇ, ಗಾಳಿಯಲ್ಲಿ ಅಲ್ಲ. ಉತ್ತರ ಪೆಸಿಫಿಕ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಎಂಬ ಬಿರುಸಿನ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಬಲ ಇನ್ನೂ ಹೆಚ್ಚು. ಅಮೆರಿಕದ ಕಡೆಗೆ ಹೋಗುವವರನ್ನು ಅದು ತಳ್ಳುತ್ತದೆ, ಜಪಾನಿನ ಕಡೆಗೆ ಬರುವವರನ್ನು ತಡೆಯುತ್ತದೆ. ತಪ್ಪಿಸಿಕೊಳ್ಳಲು ಕೆಲವೊಮ್ಮೆ ವಿಮಾನ ಸುತ್ತು ಹಾಕಿಯೂ ಬರುತ್ತದೆ. ಮುಂದಿನ ಆಸನದ ಬೆನ್ನಿನ ಪರದೆಯಲ್ಲಿ ವೇಗ 730 ಎಂದು ಮೂಡಿತ್ತು. ಸ್ವಲ್ಪ ಹೊತ್ತಿಗೆ ಏರಬಹುದು ಎಂದು ಕಾದೆ. 725ಕ್ಕೆ ಇಳಿಯಿತು. ಊಟದ ತಟ್ಟೆಯನ್ನು ಮುಟ್ಟದೆ ಆ ಅಂಕಿಯನ್ನೇ ನೋಡುತ್ತಾ ಕುಳಿತೆ.

ಬಾಗಿಲು ತೆರೆದಾಗ ಸಂಜೆ 5.05. ಟಿಕೆಟ್ ಬೇರೆಯಾದ್ದರಿಂದ ವಲಸೆ ತಪಾಸಣೆ ಮುಗಿಸಿ, ಸಾಮಾನು ಬಿಡಿಸಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕಿತ್ತು. ಕೌಂಟರ್ ಮುಟ್ಟಿದಾಗ ಅದು ಮುಚ್ಚಿ ಅರ್ಧ ಗಂಟೆಯಾಗಿತ್ತು. ಮೊದಲ ವಿಮಾನ ತಡವಾಗಿರಲಿಲ್ಲ, ಸರಿಯಾದ ಸಮಯಕ್ಕೇ ಬಂದಿತ್ತು. ಹಾಗಾಗಿ ಯಾರನ್ನೂ ದೂರುವಂತಿರಲಿಲ್ಲ, ಹಣವೂ ಮರಳಲಿಲ್ಲ.

ಆದ್ದರಿಂದ ದೂರವನ್ನು ಕೇಳಲೇಬೇಡಿ. ನಿಮ್ಮ ತಿಂಗಳಿನ, ನಿಮ್ಮ ದಿಕ್ಕಿನ ವಿಮಾನ ಯಾವ ದಿನ, ಎಷ್ಟು ಗಂಟೆಗೆ ಇಳಿಯುತ್ತದೆ ಎಂಬುದನ್ನು ವೇಳಾಪಟ್ಟಿಯಲ್ಲಿ ನೋಡಿ. ಅಲ್ಲಿರುವುದು ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತು. ವಾಡಿಕೆಯ ಗಾಳಿಯನ್ನೂ ಲೆಕ್ಕಕ್ಕೆ ಹಿಡಿದೇ ಅದನ್ನು ಬರೆದಿರುತ್ತಾರೆ. ಮೂರು ಗಂಟೆಯೋ ನಾಲ್ಕೋ ಎಂಬ ಚರ್ಚೆಯೂ ಬೇಡ. ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ, ದುಬಾರಿಯಾದರೂ ಸರಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಕಳಿಸುವ ಹೊಣೆ ಸಂಸ್ಥೆಯದ್ದು. ಅದು ಆಗದಿದ್ದರೆ ಟೋಕಿಯೋದಲ್ಲಿ ಒಂದು ರಾತ್ರಿ ತಂಗಿ.

ನಾನು ತಲುಪಿದ್ದು ಮಂಗಳವಾರ ಸಂಜೆ. ಅಪ್ಪ ತೀವ್ರ ನಿಗಾ ಘಟಕದಲ್ಲಿ ಇನ್ನೂ ಎಚ್ಚರಗೊಂಡಿರಲಿಲ್ಲ. ಒಳಗೆ ಹೋಗುವ ಮುನ್ನ ಎರಡು ಸಲ ಬಾಗಿಲ ಕಡೆ ನೋಡಿದರು ಎಂದು ಅಕ್ಕ ಹೇಳಿದಳು.