ಬರ್ಲಿನ್ ಕೋರ್ಸ್‌ಗೆ ತಯಾರಿ ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೇನೆ. ಜುಲೈನಲ್ಲಿ ಬರ್ಲಿನ್‌ನ ನಾಲ್ಕು ವಾರದ ಆಧುನಿಕ ಇತಿಹಾಸ–ಪ್ರವಾಸೋದ್ಯಮ ಕೋರ್ಸ್‌ಗೆ ಸೀಟು ಸಿಕ್ಕಿದೆ. ವೀಸಾ, ಕ್ರೆಡಿಟ್ ಬಗ್ಗೆ ತಿಳಿಸಿ.

ಉತ್ತರ: 90 ದಿನದೊಳಗಿನ ವಾಸಕ್ಕೆ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ) ಸಾಕು. 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಬೆಂಗಳೂರಿನ ಅಪಾಯಿಂಟ್‌ಮೆಂಟ್‌ಗೆ ನೂಕುನುಗ್ಗಲು, ಮಾರ್ಚ್‌ನಲ್ಲೇ ಹಿಡಿಯಿರಿ. ಪ್ರಯಾಣ ವೈದ್ಯಕೀಯ ವಿಮೆಯ ರಕ್ಷಣಾ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ಪಾಸ್‌ಪೋರ್ಟ್ ಅಲ್ಲಿಂದ ಹೊರಟ ಮೇಲೂ 3 ತಿಂಗಳು ಚಾಲ್ತಿಯಲ್ಲಿರಬೇಕು. ಹೆಚ್ಚಿನವರು ಎಡವುವುದು ಬ್ಯಾಂಕ್ ಖಾತೆಯಲ್ಲಿ: ಅರ್ಜಿಯ ಹಿಂದಿನ ವಾರ ದಿಢೀರನೆ ಬಿದ್ದ ದೊಡ್ಡ ಮೊತ್ತ ಅನುಮಾನ ಹುಟ್ಟಿಸುತ್ತದೆ. ಖರ್ಚು ತಂದೆಯವರದಾದರೆ ಅವರ ಪತ್ರ, ಆದಾಯ ತೆರಿಗೆ ದಾಖಲೆ ಲಗತ್ತಿಸಿ.

ಅಲ್ಲಿನ 1 ಇಸಿಟಿಎಸ್ (ಯುರೋಪಿನ ವಿಶ್ವವಿದ್ಯಾಲಯಗಳ ಕ್ರೆಡಿಟ್ ಪದ್ಧತಿ) ಕ್ರೆಡಿಟ್ ಎಂದರೆ 25–30 ಗಂಟೆ ಓದು. ಹೊರಡುವ ಮುನ್ನವೇ ಪಠ್ಯಕ್ರಮ ತೋರಿಸಿ ನಿಮ್ಮ ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಪಡೆಯಿರಿ.

ಕೋರ್ಸ್‌ನ ಪ್ರಾಜೆಕ್ಟ್‌ಗೆ ಬರ್ನೌವರ್ ಬೀದಿಯ ಬರ್ಲಿನ್ ಗೋಡೆ ಸ್ಮಾರಕವನ್ನೂ, ಗೋಡೆಯಿದ್ದ ಕಾಲದ ಗಡಿ ತಪಾಸಣಾ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಯನ್ನೂ ಹೋಲಿಸಬಹುದು. ಮೊದಲನೆಯದು ಉಚಿತ, ಗಂಭೀರ. ಎರಡನೆಯದು ಹೆಚ್ಚುಕಡಿಮೆ ಜಾತ್ರೆ.