ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು

ಪ್ರಶ್ನೆ: ನಾನು ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಮನೆಯಿಂದಲೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವುದು) ಹವ್ಯಾಸಿ. ಹುಬ್ಬಳ್ಳಿಯ ಒಬ್ಬ ಹಿರಿಯರ ಜೊತೆ 11 ವರ್ಷ, ಹೆಚ್ಚುಕಮ್ಮಿ ದಿನಾ ಬೆಳಿಗ್ಗೆ 7 ಗಂಟೆಗೆ 40 ಮೀಟರ್ ಬ್ಯಾಂಡ್‌ನಲ್ಲಿ ಮಾತಾಡಿದ್ದೇನೆ. ಒಮ್ಮೆಯೂ ಭೇಟಿಯಾಗಿಲ್ಲ. ಈಚೆಗೆ ತೀರಿಕೊಂಡರು. ಮನೆಯವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲವಲ್ಲ ಎಂದು ತಿಥಿಗೆ ಹೋಗಲಿಲ್ಲ. ಈಗ ಅವರ ಮಕ್ಕಳು ನುಡಿನಮನ ಇಟ್ಟುಕೊಂಡಿದ್ದಾರೆ, ಹ್ಯಾಮ್ ಗೆಳೆಯರೂ ಬನ್ನಿ ಎಂದಿದ್ದಾರೆ. ಹೋಗಲಾ? ಹೋದರೆ ಏನು ಮಾತಾಡಲಿ? ಗುಂಪಿನ ಒಬ್ಬರಂತೂ ‘ಹೆಂಗೂ ಹೋಗ್ತೀಯ, ಅವರ ರೇಡಿಯೊ ಸೆಟ್ ಮಾರ್ತಾರಾ ಕೇಳ್ಕೊಂಡು ಬಾ’ ಅನ್ನುತ್ತಿದ್ದಾರೆ.
– ಹೆಸರು ಬೇಡ, ತುಮಕೂರು

ಉತ್ತರ: ಹೋಗಿ. ಇದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ.

ಮನೆಯವರಿಗೆ ನೀವು ಗೊತ್ತಿಲ್ಲ ಅಂದಿರಲ್ಲ, ಅದನ್ನು ನಾನು ನಂಬುವುದಿಲ್ಲ. ಬೆಳಿಗ್ಗೆ 7 ಅಂದರೆ ಅಡುಗೆಮನೆಯಲ್ಲಿ ಒಗ್ಗರಣೆ ಬೀಳುವ ಹೊತ್ತು, ಸ್ಪೀಕರ್ ಸದ್ದು ಒಂದು ಕೋಣೆಯಲ್ಲಿ ನಿಲ್ಲುವುದೂ ಇಲ್ಲ. 11 ವರ್ಷ ನಿಮ್ಮ ದನಿ ಕರಕರ ಅನ್ನುತ್ತಾ ಆ ಮನೆಯ ತುಂಬ ಓಡಾಡಿದೆ. ಹೋದಾಗ ಹೆಸರು ಆಮೇಲೆ ಹೇಳಿ, ಮೊದಲು ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಸಿಕ್ಕ ನಿಮ್ಮ ಗುರುತಿನ ಅಕ್ಷರ-ಅಂಕಿ ಹೇಳಿ, ರೇಡಿಯೊದಲ್ಲಿ ಹೇಳುವ ಹಾಗೇ, ‘ವಿಕ್ಟರ್ ಯೂನಿಫಾರ್ಮ್ ಟೂ...’ ಅಂತ. ಯಾರಾದರೂ ಒಬ್ಬರು ತಲೆ ಎತ್ತಿ ನೋಡದಿದ್ದರೆ ಕೇಳಿ.

ಅವರು ಕಳಿಸಿದ ಕ್ಯೂಎಸ್‌ಎಲ್ ಕಾರ್ಡ್ ಇಟ್ಟುಕೊಂಡಿದ್ದೀರಾ? ಇದ್ದರೆ ತಗೊಂಡು ಹೋಗಿ. ಮಾತಾಡಿದ್ದಕ್ಕೆ ಗುರುತಾಗಿ ಹ್ಯಾಮ್‌ಗಳು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸುವ ಕಾರ್ಡ್ ಅದು ಅಂತ ನಿಮಗೆ ಹೇಳಬೇಕಿಲ್ಲ, ಆದರೆ ಮೊಮ್ಮಕ್ಕಳಿಗೆ ಹೇಳಬೇಕಾಗುತ್ತದೆ. ಅದರಲ್ಲಿ ಅಜ್ಜನ ಕೈಬರಹ ಇದೆ. ತಾರೀಖು, ಫ್ರೀಕ್ವೆನ್ಸಿ, ದನಿ ಎಷ್ಟು ಚೆನ್ನಾಗಿ ಕೇಳಿತು ಎನ್ನುವ 59. ಸಮಯ ಮಾತ್ರ 01:30 ಅಂತಿರುತ್ತದೆ. ‘ಅಜ್ಜ ರಾತ್ರಿ ಒಂದೂವರೆಗೆ ಯಾಕೆ ಎದ್ದಿದ್ದರು?’ ಅಂತ ಒಂದು ಮಗು ಕೇಳಿಯೇ ಕೇಳುತ್ತದೆ. ಕಾರ್ಡಿನಲ್ಲಿ ಬರೆಯುವುದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಅಂತ ವಿವರಿಸುವಷ್ಟರಲ್ಲಿ ನಿಮ್ಮ ಸಂಕೋಚ ಹೋಗಿರುತ್ತದೆ.

ಭಾಷಣ ಬೇಡ. ‘ಶ್ರೀಯುತರು ಸರಳ ಜೀವಿ’ ಅನ್ನುವುದಕ್ಕೆ ಬೇರೆಯವರು ಇರುತ್ತಾರೆ. ಮಳೆ ಶುರುವಾದಾಗ ಸಿಗ್ನಲ್ ಬಗ್ಗೆ ಏನು ಗೊಣಗುತ್ತಿದ್ದರು, ಯಾರ ಮೋರ್ಸ್ (ಕೀ ಬಡಿದು ಕಳಿಸುವ ಚುಕ್ಕೆ-ಗೆರೆ ಸಂಕೇತ) ತಪ್ಪನ್ನು ಹೇಗೆ ತಿದ್ದುತ್ತಿದ್ದರು, ಅಂಥದ್ದು ಒಂದು ಸಾಕು. ನಿಮ್ಮೊಳಗೆ ತೀರಿಕೊಂಡವರನ್ನು ‘ಸೈಲೆಂಟ್ ಕೀ’ ಅನ್ನುತ್ತೀರಿ, ಅಲ್ವಾ? ಆ ಮಾತು ಸುಮ್ನೆ ಎಸೆಯಬೇಡಿ, ಬಿಡಿಸಿ ಹೇಳಿ. ಟೆಲಿಗ್ರಾಫ್ ಕೀ ಬಡಿಯುವ ಕೈ ನಿಂತಿತು ಅಂತ ಅರ್ಥವಾದರೆ ಮನೆಯವರಿಗೂ ಅದು ಇಷ್ಟವಾಗುತ್ತದೆ. ಕೊನೆಗೆ 73, ಅಂದರೆ ನಿಮ್ಮವರ ಭಾಷೆಯಲ್ಲಿ ಶುಭಾಶಯ, ಹೇಳಿ ಕೂತುಬಿಡಿ. (ಮೋರ್ಸ್‌ನಲ್ಲಿ 73 ಹಿಂದಿನಿಂದ ಬಡಿದರೂ ಮುಂದಿನಿಂದ ಬಡಿದರೂ ಒಂದೇ ಅಂತೆ, ನನಗೆ ಒಬ್ಬ ಹ್ಯಾಮ್ ಮೇಜಿನ ಮೇಲೆ ಬಡಿದು ತೋರಿಸಿದ್ದರು.)

ಇನ್ನು ಸೆಟ್ ವಿಚಾರ. ನಮ್ಮ ಮಾವನವರು ಅಂಚೆಚೀಟಿ ಕೂಡಿಡುತ್ತಿದ್ದರು. ಅವರ ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತ ಒಬ್ಬರು, ಪಾಯಸ ಬಡಿಸುತ್ತಿದ್ದ ನನ್ನನ್ನೇ ನಿಲ್ಲಿಸಿ ‘ಆಲ್ಬಮ್ ಏನ್ ಮಾಡ್ತೀರಿ?’ ಅಂದರು. ಸೌಟು ಕೈಯಲ್ಲೇ ಉಳಿಯಿತು. ಒಳ್ಳೆಯ ಬೆಲೆಯನ್ನೇ ಕೊಡುತ್ತಿದ್ದರೇನೋ, ಆದರೆ ಇವತ್ತಿಗೂ ಅವರ ಫೋನ್ ಬಂದರೆ ನಾನು ಎತ್ತುವುದಿಲ್ಲ.

ಹಾಗಂತ ಆ ವಿಷಯ ಬಿಟ್ಟುಬಿಡುವ ಹಾಗೂ ಇಲ್ಲ. ಲೈಸೆನ್ಸ್ ಇದ್ದದ್ದು ಅವರ ಹೆಸರಲ್ಲಿ, ಅದು ಆಸ್ತಿಯ ಹಾಗೆ ಮಕ್ಕಳಿಗೆ ಬರುವುದಿಲ್ಲ. ಲೈಸೆನ್ಸ್ ಇಲ್ಲದವರು ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವುದು ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಅವತ್ತು ಮಗನ ಕೈಗೆ ನಿಮ್ಮ ನಂಬರ್ ಕೊಟ್ಟು ಬನ್ನಿ, ಅಷ್ಟೇ. ಒಂದೆರಡು ವಾರ ಬಿಟ್ಟು ನೀವೇ ಫೋನ್ ಮಾಡಿ, ತಾರಸಿ ಮೇಲೆ ಆಂಟೆನಾ ತಂತಿ ಇನ್ನೂ ಇದೆಯಾ, ಇಳಿಸಿಕೊಡಲು ಬರಲಾ ಅಂತ ಕೇಳಿ. ಸೆಟ್ ಮಾತು ಅವರ ಬಾಯಿಂದಲೇ ಬರುತ್ತದೆ.