ಡಬ್ಬಿಯಲ್ಲೇ ಉಳಿದ ಸ್ಪೀಚ್ ಬಲ್ಬ್

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬರ ಪ್ರಕರಣವನ್ನು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದೇ ಬಗೆಯ ದೂರು ಹೊತ್ತು ಬರುವವರು ಇನ್ನೂ ಇದ್ದಾರೆ.

ಐವತ್ತು ದಾಟಿದ ವ್ಯಾಪಾರಿ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಮೃದು ಅಂಗುಳದ, ಎಂದರೆ ಬಾಯಿಯ ಮೇಲ್ಭಾಗದಲ್ಲಿ ಹಿಂದಕ್ಕಿರುವ ಮೆತ್ತನೆಯ ಭಾಗದ, ಬಹುಪಾಲು ಹೋಗಿತ್ತು. ಕುಡಿದ ನೀರು ಮೂಗಿನಿಂದ ಬರುತ್ತಿತ್ತು, 'ಅಪ್ಪ' ಎಂದರೆ 'ಅಮ್ಮ' ಎಂದು ಕೇಳಿಸುತ್ತಿತ್ತು. ಹಲ್ಲುಗಳಿಗೆ ಕೊಂಡಿ ಹಾಕಿ ನಿಲ್ಲುವ ಅಕ್ರಿಲಿಕ್ ತಟ್ಟೆ, ಅದರಿಂದ ಗಂಟಲಿನತ್ತ ಚಾಚಿಕೊಂಡ ಗುಂಡನೆಯ ಬಲ್ಬು, ಮೂಗಿನ ದಾರಿ ಮುಚ್ಚಲು ನೆರವಾಗುವ ಈ 'ಸ್ಪೀಚ್ ಬಲ್ಬ್' ಅನ್ನು ದಂತವೈದ್ಯರು ಮಾಡಿಕೊಟ್ಟಿದ್ದರು. ಆದರೆ ವ್ಯಾಪಾರಿ ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ನನಗೆ ಬಂದ ಚೀಟಿಯಲ್ಲಿ 'ಹೊಂದಿಕೊಳ್ಳುತ್ತಿಲ್ಲ' ಎಂದಷ್ಟೇ ಇತ್ತು.

ಎರಡು ಭೇಟಿಗಳಲ್ಲಿ ನಾನು ಧೈರ್ಯ, ತಾಳ್ಮೆ ಎಂದೆಲ್ಲ ಮಾತನಾಡಿದೆ. ಉತ್ತರಿಸಿದವರು ಅವರ ಹೆಂಡತಿ. ಮೂರನೆಯ ಭೇಟಿಯಲ್ಲೂ ಆಕೆ ಶುರುಮಾಡಿದಾಗ ಅವರು ಕೈಯೆತ್ತಿ ತಡೆದು, ಜೇಬಿನಿಂದ ಡಬ್ಬಿ ತೆಗೆದು, ಬಲ್ಬನ್ನು ಹಾಕಿಕೊಂಡು 'ಅಪ್ಪ' ಎಂದರು. ಸ್ಪಷ್ಟವಾಗಿತ್ತು. ಬಳಿಕ 'ಅಮ್ಮ' ಎಂದರು. ನನಗೆ ಕೇಳಿಸಿದ್ದು 'ಅಬ್ಬ'. "ಆಗ ಅಪ್ಪ ಹೋಗಿದ್ದ, ಈಗ ಅಮ್ಮ ಹೋದಳು. ಮೆಟ್ಟಿಲು ಹತ್ತಿದರೆ ಮೂಗಿನಲ್ಲಿ ಉಸಿರೂ ಆಡುವುದಿಲ್ಲ," ಎಂದರು.

ಪ, ಬ, ಕ ಹೇಳುವಾಗ ಮೂಗಿನ ದಾರಿ ಮುಚ್ಚಬೇಕು. ಮ, ನ ಹೇಳುವಾಗ ತೆರೆಯಬೇಕು. ಜೀವಂತ ಅಂಗುಳ ಏರಿ ಇಳಿದು ಇದನ್ನು ಮಾಡುತ್ತದೆ. ಬಲ್ಬು ಅಲುಗುವುದಿಲ್ಲ, ಗಂಟಲಿನ ಗೋಡೆಗಳೇ ಅದರ ಸುತ್ತ ಬಿಗಿದು ಸಡಿಲವಾಗಬೇಕು. ಆದ್ದರಿಂದಲೇ ರೋಗಿಯಿಂದ ನುಂಗಿಸಿ, ಕತ್ತು ತಿರುಗಿಸಿ, ಗಲ್ಲವನ್ನು ಎದೆಗೆ ತಾಗಿಸಿ, ಮಾತನಾಡಿಸಿ ಅದರ ಆಕಾರ ತೆಗೆಯುತ್ತಾರೆ. ಆದರೂ ಬಳಿಕ ತಿದ್ದಬೇಕಾಗುತ್ತದೆ. ಚಿಕ್ಕದಾದರೆ ಸೋರುತ್ತದೆ, ದೊಡ್ಡದಾದರೆ ಮೂಗು ಕಟ್ಟುತ್ತದೆ.

ಯಾವ ಅಕ್ಷರ, ಯಾವ ಆಹಾರ, ಯಾವ ಭಂಗಿಯಲ್ಲಿ ತೊಂದರೆ ಎಂದು ಬರೆದುಕೊಂಡು ದಂತವೈದ್ಯರ ಬಳಿ ಮತ್ತೆ ಹೋಗಿ, ಅಲ್ಲಿ ಹೆಂಡತಿಯಲ್ಲ ನೀವೇ ಮಾತನಾಡಿ ಎಂದು ಸಲಹೆ ಕೊಟ್ಟೆ. ಬಲ್ಬು ಸರಿಹೋದರೂ ನಾಲಿಗೆ ಕಲಿತ ತಪ್ಪು ರೂಢಿ ತಾನಾಗಿ ಬಿಡುವುದಿಲ್ಲವಾದ್ದರಿಂದ ವಾಕ್ ಚಿಕಿತ್ಸಕರನ್ನೂ ಕಾಣಲು ಹೇಳಿದೆ. ದಂತವೈದ್ಯರ ಕೆಲಸದಲ್ಲಿ ಆಪ್ತಸಲಹೆಗಾರರಿಗೇನು ಕೆಲಸ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬಲ್ಬನ್ನು ಎಷ್ಟು ಸವೆಸಬೇಕೆಂದು ನಾನೇನೂ ಹೇಳಿಲ್ಲ. ಆದರೆ ಮೂರನೆಯ ಸಲವೂ ತಾಳ್ಮೆಯ ಪಾಠ ಹೇಳಿದ್ದರೆ, ಮೂಗು ಕಟ್ಟಿದವರಿಗೆ ಧೈರ್ಯ ತುಂಬಿ ಕಳಿಸಿದಂತಾಗುತ್ತಿತ್ತು.

ಎರಡು ಬಾರಿ ಸವೆಸಿದ ಮೇಲೆ ಊಟಕ್ಕೂ ಅಂಗಡಿಗೂ ಹಾಕಿಕೊಳ್ಳುತ್ತಿದ್ದಾರೆ. ತಲೆ ಬಗ್ಗಿಸಿ ಮಜ್ಜಿಗೆ ಕುಡಿದರೆ ಈಗಲೂ ಸ್ವಲ್ಪ ಮೂಗಿಗೆ ಬರುತ್ತದಂತೆ; ಮುಂದಿನ ಭೇಟಿಗೆಂದು ಅದನ್ನೂ ಚೀಟಿಯಲ್ಲಿ ಬರೆದಿಟ್ಟಿದ್ದಾರೆ.